ಭಾರ ಕಟ್ಟಿದಾಗಲೇ ಸ್ಟೇರಿಂಗ್ ಯಾಕೆ ನಡುಗುತ್ತದೆ?

ಭತ್ತದ ಸುಗ್ಗಿ ಮುಗಿದು ಹಳ್ಳಿಗಳಲ್ಲಿ ಸ್ಲ್ಯಾಬ್ ಹಾಕುವ ಕೆಲಸ ಜೋರಾಗುವ ಹೊತ್ತಿಗೆ ಈ ಅಂಕಣಕ್ಕೆ ಒಂದೇ ಬಗೆಯ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ಈ ಸಲ ಮೊದಲು ಕೇಳಿದವರು ಗಂಗಾವತಿ ಕಡೆಯ ಮರಳಿ ಎಂಬ ಊರಿನವರೊಬ್ಬರು. ಹಳೆಯ ಟಾಟಾ 407 ಇಟ್ಟುಕೊಂಡಿದ್ದಾರೆ. ಸುಗ್ಗಿಯಲ್ಲಿ ಅಕ್ಕಿ ಗಿರಣಿಗೆ ಚೀಲ ಹೊರುವ ಗಾಡಿ, ಬೇಸಿಗೆಯಲ್ಲಿ ಆಳುಗಳನ್ನೂ ಸಾಮಾನನ್ನೂ ಹೇರಿಕೊಂಡು ಹಿಂದೆ ಕಾಂಕ್ರೀಟ್ ಮಿಲ್ಲರ್ ಕಟ್ಟಿಕೊಂಡು ಹೊರಡುತ್ತದೆ. “ಖಾಲಿ ಗಾಡಿ ಹೊಡದ್ರ ಏನೂ ಇಲ್ರೀ ಸರ್. ಮಿಲ್ಲರ್ ಕಟ್ಟಿ ನಲವತ್ತು ದಾಟಿತಂದ್ರ ಸ್ಟೇರಿಂಗ್ ಕೈಯಾಗ ನಿಲ್ಲಂಗಿಲ್ಲ. ಮುಂದಿನ ಎರಡೂ ಟೈರ್ ಹೊಸಾವು ಹಾಕ್ಸೀನಿ, ಅಲೈನ್‌ಮೆಂಟ್ ಮಾಡ್ಸೀನಿ. ಇನ್ನೇನ್ ಮಾಡ್ಲಿ?” ಕುಷ್ಟಗಿ ಕಡೆಯ ಕಲ್ಲು ಕ್ವಾರಿಗಳಿಗೆ ಕಂಪ್ರೆಸರ್ ಎಳೆಯುವವರದೂ ಇದೇ ದೂರು. ಯಲಬುರ್ಗಾದ ಟ್ರ್ಯಾಕ್ಟರ್ ಮಾಲೀಕರ ದೂರೂ ಸುಮಾರಾಗಿ ಇದೇ.

ಎಲ್ಲರ ಅನುಮಾನವೂ ಹಿಂದೆ ಕಟ್ಟಿದ ಭಾರದ ಮೇಲೆ. ಅದನ್ನು ಬಿಚ್ಚಿದರೆ ನಡುಕ ಇಲ್ಲ, ಕಟ್ಟಿದರೆ ಇದೆ ಅಂದಮೇಲೆ ತಪ್ಪು ಅದರದೇ ಎಂದು ತೋರುವುದು ಸಹಜ. ನಾನು ನೋಡಿದ ಹಳೆಯ ಗಾಡಿಗಳಲ್ಲಿ ಬಹುಪಾಲು ಹಾಗಿರಲಿಲ್ಲ. ಸವೆತ ಮುಂದಿನ ಆಕ್ಸಲ್‌ನಲ್ಲಿ ಮೊದಲೇ ಇರುತ್ತದೆ. ಮುಂಭಾಗದ ತೂಕ ಆ ಸಡಿಲವನ್ನು ಅದುಮಿ ಹಿಡಿದಿರುತ್ತದೆ. ಹಿಂದೆ ಭಾರ ಕಟ್ಟಿದಾಗ ಆ ಅದುಮು ಕಡಿಮೆಯಾಗಿ, ಸಡಿಲವಾಗಿದ್ದದ್ದು ಕುಣಿಯಲು ಶುರು ಮಾಡುತ್ತದೆ. ಹಾಗಾಗಿ ಟೈರಿಗೆ ದುಡ್ಡು ಸುರಿಯುವ ಮುಂಚೆ ಗಾಡಿಯನ್ನು ಒಂದಿಷ್ಟು ಪ್ರಶ್ನೆ ಕೇಳಬೇಕು, ಆಮೇಲೆ ಜಾಕ್ ಕೊಟ್ಟು ಎತ್ತಿ ನೋಡಬೇಕು. ಹೊಸ ಟೈರು ಕೊನೆಯ ಮಾತು.

ಭಾರ ಹಿಂದೆ ಕಟ್ಟಿದರೆ ಮುಂದೆ ಏನಾಗುತ್ತದೆ ಎಂಬುದಕ್ಕೆ ಬಾವಿಯ ಏತವನ್ನು ನೆನೆದರೆ ಸಾಕು. ಹಿಂದಿನ ಗಾಲಿಯೇ ಏತದ ಕಂಬ. ಅದರ ಹಿಂದೆ ಚಾಚಿಕೊಂಡಿರುವ ಹುಕ್ಕಿನ ಮೇಲೆ ತೂಕ ಬಿದ್ದರೆ ಮುಂದಿನ ತುದಿ ಹಗುರಾಗುತ್ತದೆ. ಲೆಕ್ಕ ಹಾಕೋಣ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 3 ಮೀಟರ್, ಹಿಂದಿನ ಗಾಲಿಯಿಂದ ಹುಕ್ಕಿಗೆ 1.2 ಮೀಟರ್, ಹುಕ್ಕಿನ ಮೇಲೆ 300 ಕಿಲೋ ತೂಕ ಎಂದಿಟ್ಟುಕೊಳ್ಳಿ. 300ನ್ನು 1.2ರಿಂದ ಗುಣಿಸಿ 3ರಿಂದ ಭಾಗಿಸಿದರೆ 120. ಅಂದರೆ ಮುಂದಿನ ಆಕ್ಸಲ್ ಮೇಲಿಂದ 120 ಕಿಲೋ ಇಳಿಯಿತು, ಹಿಂದಿನ ಆಕ್ಸಲ್ ಮೇಲೆ 300ರ ಬದಲು 420 ಕಿಲೋ ಏರಿತು. ಗಾಡಿಯೊಳಗಿನ ಆಳುಗಳೂ ಸಿಮೆಂಟ್ ಚೀಲವೂ ಹಿಂದಿನ ಬಾಗಿಲ ಹತ್ತಿರವೇ ಇದ್ದರೆ ಇದು ಇನ್ನೂ ಹೆಚ್ಚುತ್ತದೆ.

ತೂಕ ಇಳಿಯುವುದರ ಜೊತೆಗೇ ಇನ್ನೊಂದು ಬದಲಾವಣೆಯೂ ಆಗುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಹಿಂಭಾಗ ಕುಸಿದು ಮೂತಿ ಮೇಲೆದ್ದಾಗ, ಮುಂದಿನ ಗಾಲಿ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್ ಪಿನ್ ಹಿಂದಕ್ಕೆ ಇನ್ನಷ್ಟು ವಾಲುತ್ತದೆ. ಈ ವಾಲುವಿಕೆಗೆ ಕ್ಯಾಸ್ಟರ್ ಎನ್ನುತ್ತಾರೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಇದರಿಂದಲೇ, ಆದ್ದರಿಂದ ಸ್ವಲ್ಪ ಕ್ಯಾಸ್ಟರ್ ಬೇಕೇ ಬೇಕು. ಅತಿಯಾದರೆ ಗಾಲಿ ನೇರಕ್ಕೆ ಬರುವ ರಭಸದಲ್ಲಿ ನೇರವನ್ನು ದಾಟಿ ಆ ಕಡೆ ಹೋಗುತ್ತದೆ, ಅಲ್ಲಿಂದ ಮತ್ತೆ ಈ ಕಡೆ. ಕಿಂಗ್ ಪಿನ್ನೂ ಟೈರಾಡ್ ಎಂಡೂ ಬಿಗಿಯಾಗಿದ್ದರೆ ಈ ಹೊಯ್ದಾಟ ಒಂದೆರಡು ಸಲಕ್ಕೆ ಸತ್ತುಹೋಗುತ್ತದೆ. ಸಡಿಲವಿದ್ದರೆ ಸಾಯುವುದಿಲ್ಲ, ಒಂದು ಹಂಪ್ ಅಥವಾ ತಗ್ಗು ಸಿಕ್ಕಿದ್ದೇ ನೆಪವಾಗಿ ಕೈ ಕಿತ್ತುಹೋಗುವಷ್ಟು ಬೆಳೆಯುತ್ತದೆ. ಗ್ಯಾರೇಜಿನವರು ವಾಬ್ಲಿಂಗ್ ಎನ್ನುವುದು ಇದಕ್ಕೇ. ಗಂಗಾವತಿಯಿಂದ ಕಾರಟಗಿವರೆಗೆ ಕಾಲುವೆ ನೀರು ಕುಡಿದ ಎರೆಭೂಮಿ. ಅದರ ಮೇಲಿನ ಡಾಂಬರು ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಕುಸಿದು ಅಲೆಯೆದ್ದಿರುತ್ತದೆ. ನೆಪಕ್ಕೇನೂ ಕೊರತೆಯಿಲ್ಲ.

ಹಳೆಯ ಗಾಡಿಗಳಿಗೂ ನಮ್ಮ ಕಡೆ ಕೊರತೆಯಿಲ್ಲ. 407 ಮಾರುಕಟ್ಟೆಗೆ ಬಂದದ್ದು 1986ರಲ್ಲಿ. ಎಷ್ಟೋ ಕೈ ಬದಲಾದ ಗಾಡಿಗಳು ಇಂದಿಗೂ ಗಿರಣಿಗಳ ಮುಂದೆ ಸರದಿಯಲ್ಲಿ ನಿಲ್ಲುತ್ತವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿದ ಮೇಲೆ ಹೊಸಪೇಟೆ, ಸಂಡೂರಿನ ಸುತ್ತ ಅದಿರು ಲಾರಿಗಳು ಸಾಲುಗಟ್ಟಿ ನಿಂತಿದ್ದನ್ನು ನಾವೆಲ್ಲ ನೋಡಿದ್ದೇವೆ. ಬ್ಯಾಂಕಿನ ಕಂತು ಕಟ್ಟಲಾಗದೆ ಮಾರಿಕೊಂಡವರು ಎಷ್ಟೋ ಜನ. ಭಾರ ಹೊತ್ತು ಸವೆದ ಆಕ್ಸಲ್ಲು, ಒಂದು ಪಟ್ಟಿ ಹೆಚ್ಚಿಗೆ ಸೇರಿಸಿದ ಕಮಾನು, ಬೆಸುಗೆ ಹಾಕಿದ ಚಾಸಿ ಇವೆಲ್ಲ ಗಾಡಿಯ ಜೊತೆಗೇ ಹೊಸ ಮಾಲೀಕನ ಕೈಗೆ ಬರುತ್ತವೆ. 8 ವರ್ಷ ದಾಟಿದ ಸರಕು ವಾಹನಕ್ಕೆ ವರ್ಷಕ್ಕೊಮ್ಮೆ ಪಾಸಿಂಗ್ ಆಗಲೇಬೇಕು. ಆದರೆ ಪಾಸಿಂಗಿಗೆ ಮುಂಚೆ ಗಾಡಿಗೆ ಬಣ್ಣ ಬಳಿಸುವಷ್ಟು ಆಸ್ಥೆಯಿಂದ ಕಿಂಗ್ ಪಿನ್ ನೋಡಿಸುವವರು ಕಡಿಮೆ. ಇದು ನನಗೆ ನಿಜಕ್ಕೂ ಬೇಸರ ತರಿಸುವ ಸಂಗತಿ. ಆ ಗಾಡಿಯ ಹಿಂಭಾಗದಲ್ಲಿ ಕೂಲಿಯವರು ಕೂತಿರುತ್ತಾರೆ, ಎದುರಿಗೆ ಬೈಕಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡವರು ಬರುತ್ತಿರುತ್ತಾರೆ.

ಈಗ ಗಾಡಿಯನ್ನು ಕೇಳಬೇಕಾದ ಪ್ರಶ್ನೆಗಳಿಗೆ ಬರೋಣ. ಮೊದಲನೆಯದು, ನಡುಕ ಗೊತ್ತಾಗುವುದು ಎಲ್ಲಿ? ಸ್ಟೇರಿಂಗ್ ಎಡಕ್ಕೂ ಬಲಕ್ಕೂ ತಿರುಗಿ ತಿರುಗಿ ಅಲ್ಲಾಡುತ್ತಿದ್ದರೆ ಹುಡುಕಾಟ ಮುಂದಿನ ಗಾಲಿಯಲ್ಲಿ. ಕೈಗಿಂತ ಹೆಚ್ಚಾಗಿ ಸೀಟು, ಪಾದದ ಕೆಳಗಿನ ತಗಡು, ಗೇರ್ ಲಿವರ್ ನಡುಗುತ್ತಿದ್ದರೆ ಪ್ರೊಪೆಲ್ಲರ್ ಶಾಫ್ಟಿನ ಕಡೆ ಹೋಗಬೇಕು. ಎರಡನೆಯದು, ಎಷ್ಟು ಚುರುಕಾಗಿ ನಡುಗುತ್ತದೆ? ಇದನ್ನು ಯಾರೂ ಕೇಳುವುದಿಲ್ಲ, ಆದರೆ ಬಿಡಿಗಾಸು ಖರ್ಚಿಲ್ಲದೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. 407ರ 7.50-16 ಟೈರು ಒಂದು ಸುತ್ತಿಗೆ ಸುಮಾರು 2.5 ಮೀಟರ್ ಉರುಳುತ್ತದೆ. ಗಂಟೆಗೆ 45 ಕಿ.ಮೀ. ವೇಗವೆಂದರೆ ನಿಮಿಷಕ್ಕೆ 750 ಮೀಟರ್, ಅಂದರೆ 300 ಸುತ್ತು. ಸೆಕೆಂಡಿಗೆ 5. ಗಾಲಿಯಲ್ಲಿ ಒಂದು ಕಡೆ ತೂಕ ಹೆಚ್ಚಿದ್ದರೆ ಈ ವೇಗದಲ್ಲಿ ಅದು ಸೆಕೆಂಡಿಗೆ ಐದು ಸಲ ಕುಟ್ಟುತ್ತದೆ. ಒಂದೊಂದು ಕುಟ್ಟೂ ಬೇರೆ ಬೇರೆಯಾಗಿ ಕೈಗೆ ತಿಳಿಯುತ್ತದೆ, ಬೆರಳಿನಿಂದ ಮೊಣಕಾಲು ತಟ್ಟುತ್ತಾ ಅದರ ಜೊತೆ ತಾಳ ಹಾಕಬಹುದು. ಪ್ರೊಪೆಲ್ಲರ್ ಶಾಫ್ಟು ಗಾಲಿಗಿಂತ ಎಷ್ಟೋ ಪಟ್ಟು ವೇಗವಾಗಿ ಸುತ್ತುತ್ತದೆ. ಕ್ರೌನ್ ಪಿನಿಯನ್ ಲೆಕ್ಕ 5ಕ್ಕೆ 1 ಎಂದು ಹಿಡಿದರೂ ಸೆಕೆಂಡಿಗೆ 25 ಸುತ್ತಾಯಿತು. ಅದನ್ನು ಎಣಿಸಲು ಬರುವುದಿಲ್ಲ, ಗುಂಯ್ ಎನ್ನುವ ಕಂಪನವಾಗಿಯೇ ತಿಳಿಯುತ್ತದೆ. ಎಣಿಸಲು ಬಂದರೆ ಗಾಲಿ, ಬಾರದಿದ್ದರೆ ಶಾಫ್ಟು ಅಥವಾ ಎಂಜಿನ್. ಕಾರಟಗಿಗೆ ಹೋಗಿ ಬರುವಷ್ಟರಲ್ಲಿ ಮರಳಿಯವರೇ ಇದನ್ನು ಪತ್ತೆ ಹಚ್ಚಿ ಹೇಳಿದರು: “ಎಣಸಾಕ ಬರ್ತದ ಸರ್.”

ಮೂರನೆಯ ಪ್ರಶ್ನೆ, ಎಳೆಯುವಾಗ ಮಾತ್ರವೇ ಅಥವಾ ಸುಮ್ಮನೆ ಉರುಳುವಾಗಲೂ ಉಂಟೇ? ಸಮತಟ್ಟಾದ, ಮುಂದೆ ಹಿಂದೆ ಯಾರೂ ಇಲ್ಲದ ರಸ್ತೆಯಲ್ಲಿ ನಡುಕ ಶುರುವಾಗುವ ವೇಗಕ್ಕೆ ಬಂದು ಆಕ್ಸಿಲೇಟರ್ ಬಿಟ್ಟು ಕ್ಲಚ್ ಒತ್ತಿ. ಅದೇ ಕ್ಷಣ ನಡುಕ ನಿಂತರೆ ಎಂಜಿನ್ನಿನಿಂದ ಹಿಂದಿನ ಗಾಲಿಯವರೆಗೆ ಬಲ ಸಾಗಿಸುವ ಯಾವುದೋ ಭಾಗ ಸವೆದಿದೆ. ನಿಲ್ಲದೆ ವೇಗದ ಜೊತೆಗೇ ನಿಧಾನಕ್ಕೆ ಇಳಿದರೆ ಅದು ಗಾಲಿಯದೇ. ಇಳಿಜಾರಿನಲ್ಲಿ ಈ ಪರೀಕ್ಷೆ ಬೇಡ. ಹಿಂದೆ ಬ್ರೇಕಿಲ್ಲದ ಭಾರ ಕಟ್ಟಿಕೊಂಡು ಇಳಿಜಾರಿನಲ್ಲಿ ಕ್ಲಚ್ ಒತ್ತುವುದು ಜೀವದ ಜೊತೆ ಆಟ. ಬ್ರೇಕ್ ಒತ್ತಿದಾಗ ಮಾತ್ರ ನಡುಗುತ್ತಿದ್ದರೆ ಡ್ರಮ್ಮು ವಾರೆಯಾಗಿದೆ ಎಂದೇ ತಿಳಿಯಿರಿ. ಹಿಂದಿನ ಭಾರವನ್ನೂ ಈ ಗಾಡಿಯ ಡ್ರಮ್ಮುಗಳೇ ತಡೆಯಬೇಕಾದ್ದರಿಂದ ಅವು ಮಿತಿಮೀರಿ ಕಾದು ದುಂಡಗಿನ ಆಕಾರ ಕಳೆದುಕೊಳ್ಳುತ್ತವೆ. ಲೇತಿಗೆ ಕೊಟ್ಟು ಕಡಿಸಬೇಕು, ಮಿತಿ ದಾಟಿದ್ದರೆ ಬದಲಿಸಬೇಕು.

ಗಾಲಿಯದೇ ಎಂದು ಗೊತ್ತಾದ ಮೇಲೂ ಪಾನಾ ಎತ್ತಿಕೊಳ್ಳುವ ಅವಸರ ಬೇಡ. ಬಕೆಟ್ ನೀರು, ಒಂದು ಕಬ್ಬಿಣದ ಸಲಾಕೆ ತೆಗೆದುಕೊಂಡು ಗಾಡಿಯ ಅಡಿಗೆ ಹೋಗಿ ರಿಮ್ಮಿನ ಒಳಮೈ ನೋಡಿ. ನಮ್ಮ ಭತ್ತದ ಸೀಮೆಗೆ ಇದು ಬಹಳ ಮುಖ್ಯ. ಗದ್ದೆಯ ಬದುವಿನ ಮೇಲೆ, ಕಾಲುವೆ ದಂಡೆಯ ಮೇಲೆ ಓಡಾಡಿದ ಗಾಡಿಯ ರಿಮ್ಮಿನೊಳಗೆ ಎರೆಮಣ್ಣಿನ ರಾಡಿ ತುಂಬುತ್ತದೆ. ರಾತ್ರಿ ಗಾಡಿ ನಿಂತಾಗ ಅದೆಲ್ಲ ಕೆಳಕ್ಕೆ ಇಳಿದು ಒಂದೇ ಕಡೆ ಕೂರುತ್ತದೆ. ಬೆಳಗಿನ ಬಿಸಿಲಿಗೆ ಒಣಗಿತೆಂದರೆ ಕಲ್ಲಾಗುತ್ತದೆ, ಸಲಾಕೆಯಿಂದ ಮೀಟಿದರೆ ಹೆಂಟೆಹೆಂಟೆಯಾಗಿ ಉದುರುತ್ತದೆ. ಅಂಗೈಯಗಲದ ಒಂದು ಹೆಂಟೆ ಸಾಕು, ಅಷ್ಟು ದೊಡ್ಡ ಗಾಲಿಯನ್ನು ಕುಣಿಸುತ್ತದೆ. ಹೊರಗಿನಿಂದ ನೀರು ಹೊಡೆದು ತೊಳೆದ ಗಾಡಿಯ ರಿಮ್ಮಿನ ಒಳಗೂ ಇದು ಇದ್ದೇ ಇರುತ್ತದೆ, ಯಾಕೆಂದರೆ ತೊಳೆಯುವ ಹುಡುಗ ಅಡಿಗೆ ಬಗ್ಗಿ ನೋಡಿರುವುದಿಲ್ಲ.

ಎರಡನೆಯ ಅಗ್ಗದ ಕಾರಣ, ನಿಂತು ನಿಂತು ಚಪ್ಪಟೆಯಾದ ಟೈರು. ನೈಲಾನ್ ಟೈರು ಒಂದೇ ಜಾಗದಲ್ಲಿ ವಾರಗಟ್ಟಲೆ ನಿಂತರೆ ನೆಲ ತಾಗಿದ ಭಾಗ ಚಪ್ಪಟೆಯಾಗಿ ಉಳಿಯುತ್ತದೆ. ಹೊರಟ ಮೊದಲ ಕೆಲವು ಕಿಲೋಮೀಟರ್ ದಡಬಡ ಎಂದು, ಟೈರು ಬಿಸಿಯಾಗುತ್ತಿದ್ದಂತೆ ತಾನೇ ಸರಿಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಇಲ್ಲವಾಗುವ ನಡುಕಕ್ಕೆ ದುಡ್ಡು ಖರ್ಚು ಮಾಡಬೇಡಿ. ಇನ್ನು ರಿಸೋಲ್ ಟೈರು. ಹಿಂದಿನ ಗಾಲಿಗೆ ಹಾಕಿಕೊಳ್ಳಿ, ನನ್ನ ತಕರಾರಿಲ್ಲ. ಮುಂದಕ್ಕೆ ಮಾತ್ರ ಬೇಡ. ಅಂಟಿಸಿದ ಪಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೂ ನಡುಕ ಬರುತ್ತದೆ, ಪಟ್ಟಿ ಬಿಚ್ಚಿಕೊಂಡರಂತೂ ಸ್ಟೇರಿಂಗ್ ಕೈತಪ್ಪುತ್ತದೆ. ಗಾಲಿ ಎತ್ತಿ ತಿರುಗಿಸುತ್ತಾ ಸೀಮೆಸುಣ್ಣದ ತುಂಡನ್ನು ಟೈರಿನ ಹತ್ತಿರ ಅಲ್ಲಾಡದಂತೆ ಹಿಡಿದರೆ ಉಬ್ಬಿದ ಕಡೆ ಮಾತ್ರ ಬಿಳಿ ಗೆರೆ ಬೀಳುತ್ತದೆ.

ಟೈರಿನ ಮೈಯೂ ಮಾತಾಡುತ್ತದೆ. ಅಂಗೈಯನ್ನು ಟೈರಿನ ಹಲ್ಲುಗಳ ಮೇಲೆ ಹೊರಗಿನಿಂದ ಒಳಕ್ಕೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಚುಚ್ಚಿದಂತೆ ಅನಿಸಿದರೆ ಗಾಲಿಗಳ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ಗುಳಿಬಿದ್ದಂತೆ ಸವೆದಿದ್ದರೆ ಗಾಲಿ ರಸ್ತೆಯ ಮೇಲೆ ಕೂರದೆ ಜಿಗಿಯುತ್ತಾ ಓಡಿದೆ, ಅಂದರೆ ಎಲ್ಲೋ ಸಡಿಲವಿದೆ. ಹಳೆಯ ಟೈರನ್ನು ಬದಲಿಸಿದ ಕೂಡಲೇ ಮಾರಿಬಿಡುವವರು ಈ ಸಾಕ್ಷಿಯನ್ನೂ ಕಳೆದುಕೊಳ್ಳುತ್ತಾರೆ. ಮರಳಿಯವರ ಹಳೆಯ ಟೈರುಗಳು ಪುಣ್ಯಕ್ಕೆ ಮನೆಯ ಹಿತ್ತಲಲ್ಲಿದ್ದವು. ಬಲಗಡೆಯ ಟೈರಿನ ಹೊರ ಅಂಚಿನುದ್ದಕ್ಕೂ ಗುಳಿಗಳಿದ್ದವು.

ಗಂಗಾವತಿಯಲ್ಲಿ ನನಗೆ ಪರಿಚಯದ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಗಾಡಿಯನ್ನು ಅವರ ಹತ್ತಿರವೇ ತರಿಸಿದೆವು. ಅವರು ಮಾಡಿದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇದನ್ನು ಯಾವ ಡ್ರೈವರಾದರೂ ಸ್ವತಃ ಮಾಡಬಹುದು. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಂದಿನ ಆಕ್ಸಲ್ಲಿನ ಕೆಳಗೆ ಜಾಕ್ ಇಟ್ಟು ಬಲಗಾಲಿಯನ್ನು ನೆಲದಿಂದ ಎತ್ತಿದರು. ಜಾಕನ್ನೊಂದೇ ನಂಬದೆ ಪಕ್ಕದಲ್ಲಿ ಮರದ ದಿಮ್ಮಿಯನ್ನೂ ಕೊಟ್ಟರು. ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿದರು. ಟಕ್ ಟಕ್ ಎಂದಿತು. ಪ್ಲೇ ಇದೆ ಎಂಬುದು ಖಚಿತ, ಆದರೆ ಹಬ್ ಬೇರಿಂಗಿನದೋ ಕಿಂಗ್ ಪಿನ್ನಿನದೋ? “ಏ ತಮ್ಮಾ, ಬ್ರೇಕ್ ಒತ್ತಿ ಹಿಡಿ” ಎಂದು ಕ್ಲೀನರ್ ಹುಡುಗನಿಗೆ ಹೇಳಿ ಮತ್ತೆ ಅಲ್ಲಾಡಿಸಿದರು. ಈಗಲೂ ಟಕ್ ಟಕ್. “ಕಿಂಗ್ ಪಿನ್ನಿಂದs ಐತಿ” ಎಂದರು.

ಬ್ರೇಕ್ ಒತ್ತಿದರೆ ಏನು ವ್ಯತ್ಯಾಸ? ಬ್ರೇಕ್ ಹಿಡಿದಾಗ ಲೈನರ್ ಡ್ರಮ್ಮನ್ನು ಕಚ್ಚಿ ಹಿಡಿಯುತ್ತದೆ, ಗಾಲಿಯೂ ಸ್ಟಬ್ ಆಕ್ಸಲ್ಲೂ ಒಂದೇ ತುಂಡಾಗುತ್ತವೆ. ಅವುಗಳ ನಡುವೆ ಇರುವ ಬೇರಿಂಗಿನ ಸಡಿಲ ಆಗ ತೋರುವುದಿಲ್ಲ. ಬ್ರೇಕ್ ಹಿಡಿದ ಮೇಲೂ ಅಲ್ಲಾಟ ಉಳಿದರೆ ಅದು ಸ್ಟಬ್ ಆಕ್ಸಲ್ಲಿಗೂ ಮುಖ್ಯ ಆಕ್ಸಲ್ಲಿಗೂ ನಡುವಿನದು, ಅಂದರೆ ಕಿಂಗ್ ಪಿನ್ ಮತ್ತು ಅದರ ಬುಷ್. ಬ್ರೇಕ್ ಹಿಡಿದ ಕೂಡಲೇ ಅಲ್ಲಾಟ ನಿಂತಿದ್ದರೆ ಬೇರಿಂಗ್. ಬೇರಿಂಗಾದರೆ ಎಷ್ಟೋ ಸಲ ಹಬ್ಬಿನ ನಟ್ ಸರಿಯಾಗಿ ಬಿಗಿದು, ಸ್ಪ್ಲಿಟ್ ಪಿನ್ ಹಾಕಿದರೆ ಮುಗಿಯಿತು. ಎರಡೂ ಕೈಯನ್ನು ಟೈರಿನ ಮುಂದೆ ಹಿಂದೆ ಇಟ್ಟು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದಾಗ ಸಡಿಲ ಕಂಡರೆ ಟೈರಾಡ್ ಎಂಡ್, ಬಾಲ್ ಜಾಯಿಂಟ್‌ಗಳ ಕಡೆ ನೋಡಬೇಕು.

ಟೈರಾಡಿನ ತಪಾಸಣೆಗೆ ಗಾಲಿ ಎತ್ತಿದ ಸ್ಥಿತಿಗಿಂತ ನೆಲದ ಮೇಲೆ ನಿಂತ ಗಾಡಿಯೇ ವಾಸಿ. ಎಂಜಿನ್ ಬಂದ್ ಮಾಡಿ, ಒಬ್ಬರು ಮೇಲೆ ಕೂತು ಸ್ಟೇರಿಂಗನ್ನು ಎಡಕ್ಕೆ ನಾಲ್ಕು ಬೆರಳು, ಬಲಕ್ಕೆ ನಾಲ್ಕು ಬೆರಳು ಬೇಗ ಬೇಗ ಆಡಿಸಬೇಕು. ಇನ್ನೊಬ್ಬರು ಕೆಳಗೆ ಮಲಗಿ ಡ್ರಾಪ್ ಆರ್ಮಿನಿಂದ ಶುರು ಮಾಡಿ ಒಂದೊಂದು ಜಾಯಿಂಟಿನ ಮೇಲೂ ಕೈಯಿಟ್ಟು ನೋಡಬೇಕು. ಒಂದು ತುದಿ ಆಡಿ ಇನ್ನೊಂದು ತುದಿ ತಡವಾಗಿ ಆಡುವುದು ಎಲ್ಲಿ ತಿಳಿಯುತ್ತದೋ ಅಲ್ಲೇ ಸವೆತ. ಮರಳಿಯ ಗಾಡಿಯ ಎಡಗಡೆ ಎಂಡ್ ಹೀಗೆ ಸಿಕ್ಕಿಬಿತ್ತು, ಮೇಲಿನ ರಬ್ಬರ್ ಹರಿದು ಒಳಗೆ ಗ್ರೀಸಿನ ಬದಲು ಮಣ್ಣಿತ್ತು.

ಕಿಂಗ್ ಪಿನ್ ಇಷ್ಟು ಬೇಗ ಯಾಕೆ ಸವೆಯಿತು ಎಂದರೆ ಅದಕ್ಕೂ ಉತ್ತರವಿದೆ. ಗ್ರೀಸ್ ಹೊಡೆಸುತ್ತಿದ್ದರು, ಆದರೆ ಗಾಡಿ ನೆಲದ ಮೇಲೆ ನಿಂತಿದ್ದಾಗಲೇ. ಮುಂಭಾಗದ ಪೂರ್ತಿ ಭಾರ ಆ ಹೊತ್ತಿನಲ್ಲಿ ಕಿಂಗ್ ಪಿನ್ನಿನ ಬಳಿಯ ಥ್ರಸ್ಟ್ ಬೇರಿಂಗಿನ ಮೇಲಿರುತ್ತದೆ, ಗ್ರೀಸ್ ಅಲ್ಲಿಗೆ ನುಗ್ಗಲು ಸಂದಿ ಸಿಗುವುದಿಲ್ಲ. ಆಕ್ಸಲ್ಲನ್ನು ಜಾಕ್ ಮೇಲೆ ಎತ್ತಿ ಭಾರ ತೆಗೆದು, ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಹೊಡೆಯಬೇಕು. ಒಂದು ನಿಪ್ಪಲ್ಲಂತೂ ಮುಚ್ಚಿಹೋಗಿತ್ತು. ಗನ್ ಒತ್ತಿದರೆ ಗ್ರೀಸ್ ಪಕ್ಕದಿಂದ ಸುರಿಯುತ್ತಿತ್ತೇ ಹೊರತು ಒಳಗೆ ಹೋಗುತ್ತಿರಲಿಲ್ಲ. ಸಣ್ಣದೊಂದು ನಿಪ್ಪಲ್ ಬದಲಿಸಿದ್ದರೆ ಒಂದು ಜೊತೆ ಕಿಂಗ್ ಪಿನ್ ಕಿಟ್ ಉಳಿಯುತ್ತಿತ್ತು.

ಕಮಾನು ಪಟ್ಟಿಯ ಕಡೆಯೂ ಕಣ್ಣು ಹಾಯಿಸಬೇಕು. ಯು ಬೋಲ್ಟ್ ಸಡಿಲವಾಗಿ ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ಲು ಒಂದು ಕಡೆ ಹಿಂದಕ್ಕೆ ಸರಿಯುತ್ತದೆ. ಎಡಗಡೆ ಮುಂದಿನ ಹಬ್ಬಿನಿಂದ ಹಿಂದಿನ ಹಬ್ಬಿಗೆ ದಾರ ಹಿಡಿದು ಅಳೆದು, ಬಲಗಡೆಯೂ ಅಳೆಯಿರಿ. ಎರಡರಲ್ಲಿ ವ್ಯತ್ಯಾಸ ಕಂಡರೆ ಕಮಾನು ಬಿಚ್ಚಲೇಬೇಕು. ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಓರೆಯಾದ ಪ್ಯಾಕಿಂಗ್ ತುಂಡೊಂದಿರುವ ಗಾಡಿಗಳುಂಟು. ಕ್ಯಾಸ್ಟರ್ ನಿಗದಿಯಾಗುವುದು ಅದರಿಂದ. ಪಟ್ಟಿ ಬಿಚ್ಚಿ ಕೂರಿಸುವಾಗ ದಪ್ಪ ತುದಿ ಹಿಂದುಮುಂದಾದರೆ ಎಷ್ಟೇ ಹೊಸ ಸಾಮಾನು ಹಾಕಿದರೂ ಗಾಡಿ ದಾರಿಗೆ ಬರುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸ್ಟೇರಿಂಗ್ ನಡುಗುತ್ತದೆ ಎಂದರೆ ಕೆಲವರು ಸ್ಟೇರಿಂಗ್ ಬಾಕ್ಸಿನ ಮೇಲಿನ ಸ್ಕ್ರೂ ಬಿಗಿ ಮಾಡಿ ಕಳಿಸಿಬಿಡುತ್ತಾರೆ. ಐದು ನಿಮಿಷದ ಕೆಲಸ, ಕೈಗೆ ನಡುಕವೂ ಕಡಿಮೆ ತಿಳಿಯುತ್ತದೆ, ಗಿರಾಕಿಯೂ ಖುಷಿ. ಆದರೆ ಕೆಳಗೆ ಗಾಲಿ ಮೊದಲಿನಂತೆಯೇ ಕುಣಿಯುತ್ತಿರುತ್ತದೆ. ಮಿತಿಮೀರಿ ಬಿಗಿದ ಬಾಕ್ಸು ತಿರುವಿನ ನಂತರ ನೇರಕ್ಕೆ ಮರಳುವುದಿಲ್ಲ, ಡ್ರೈವರೇ ಎಳೆದು ತರಬೇಕು. ಬಾಕ್ಸಿನೊಳಗೆ ನಿಜವಾಗಿಯೂ ಸವೆತವಿದ್ದರೆ ಸರಿಮಾಡಲಿ. ನಡುಕ ಮುಚ್ಚಿಡಲು ಅದನ್ನು ಮುಟ್ಟಬಾರದು. ವೇಗ ಹೆಚ್ಚಿಸಿ ನಡುಕದ ವೇಗವನ್ನು ದಾಟಿಬಿಡುವ ಡ್ರೈವರುಗಳ ಅಭ್ಯಾಸವೂ ಹೀಗೆಯೇ. ಗಾಲಿಯ ಕುಟ್ಟು ಮತ್ತು ಮುಂಭಾಗದ ಸಹಜ ತೂಗಾಟ ಒಂದೇ ತಾಳಕ್ಕೆ ಬಂದಾಗ ನಡುಕ ಹೆಚ್ಚು, ಆ ವೇಗ ದಾಟಿದರೆ ಕಡಿಮೆ. ರೋಗ ಇದ್ದಲ್ಲೇ ಇರುತ್ತದೆ. ಹಿಂದೆ ಭಾರ ಇರುವಾಗ ನಡುಕ ತಪ್ಪಿಸಿಕೊಳ್ಳಲು ವೇಗ ಹೆಚ್ಚಿಸುವುದು ಅಪಘಾತಕ್ಕೆ ದಾರಿ.

ಎಣಿಸಲು ಬಾರದ ನಡುಕದವರಿಗೂ ಒಂದು ಮಾತು. ಎಳೆತ ಬಿದ್ದಾಗ ಹಿಂದಿನ ಕಮಾನು ಕುಸಿದು, ಪ್ರೊಪೆಲ್ಲರ್ ಶಾಫ್ಟು ಕ್ರಾಸಿನ ಹತ್ತಿರ ಬಾಗುವ ಕೋನವೇ ಬದಲಾಗುತ್ತದೆ. ಕ್ರಾಸ್ ಸವೆದಿದ್ದರೆ, ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದ್ದರೆ ಖಾಲಿ ಗಾಡಿಯಲ್ಲಿ ಗೊತ್ತಾಗದ್ದು ಆಗ ಗೊತ್ತಾಗುತ್ತದೆ. ಕ್ಯಾಬಿನ್ನಿನ ಅಡಿಯಿಂದ ಬರುವ ಈ ಕಂಪನವನ್ನು ಮುಂದಿನ ಗಾಲಿಯದೆಂದು ತಿಳಿದು ಟೈರು ಬದಲಿಸಿದವರಿದ್ದಾರೆ. ಶಾಫ್ಟ್ ಬಿಚ್ಚುವ ಮುಂಚೆ ಜೋಡಣೆಯ ಎರಡೂ ತುಂಡುಗಳ ಮೇಲೆ ಒಂದೇ ಗೆರೆಯಲ್ಲಿ ಬಣ್ಣದ ಗುರುತು ಹಾಕಿಸಿ. ಜಾರುವ ತುದಿಯನ್ನು ಒಂದು ಹಲ್ಲು ಆಚೀಚೆ ಕೂರಿಸಿದರೂ ಎರಡು ಕ್ರಾಸುಗಳ ಹೊಂದಾಣಿಕೆ ತಪ್ಪಿ ಹೊಸದೇ ನಡುಕ ಶುರುವಾಗುತ್ತದೆ.

ಹಿಂದೆ ಕಟ್ಟಿದ ಸಾಮಾನು ಪೂರ್ತಿ ನಿರಪರಾಧಿ ಎಂದು ಹೇಳುತ್ತಿಲ್ಲ. ಮಿಲ್ಲರಿಗೆ ಸಾಮಾನ್ಯವಾಗಿ ಸ್ಪ್ರಿಂಗೂ ಇಲ್ಲ, ಬ್ರೇಕೂ ಇಲ್ಲ. ಅದರ ಗಾಲಿಗಳು ಸೈಟಿನಿಂದ ಸೈಟಿಗೆ ನಿಧಾನಕ್ಕೆ ಹೋಗಲು ಇರುವಂಥವು. ಅದನ್ನು ಕಟ್ಟಿಕೊಂಡು 25–30ರ ಮೇಲೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಗಾಡಿ ನಡುಗಲಿ, ನಡುಗದಿರಲಿ. ಹುಕ್ಕಿನ ಕಣ್ಣು ಸವೆದು ಉದ್ದವಾಗಿದ್ದರೆ ಪ್ರತಿ ತಗ್ಗಿನಲ್ಲೂ ಹಿಂದಿನಿಂದ ಗುದ್ದು ಬೀಳುತ್ತದೆ. ಆ ಗುದ್ದು ಮುಂದೆ ಹಿಂದೆ ಜಗ್ಗಿದಂತೆ ಇರುತ್ತದೆಯೇ ಹೊರತು ಸ್ಟೇರಿಂಗನ್ನು ಎಡಬಲಕ್ಕೆ ಆಡಿಸುವುದಿಲ್ಲ, ಆದ್ದರಿಂದ ಬೇರ್ಪಡಿಸಿ ಗುರುತಿಸಬಹುದು. ಎರಡು ಗಾಲಿಯ ಕಂಪ್ರೆಸರಾದರೆ ಅದನ್ನು ಸಮತಟ್ಟಾಗಿ ಎಳೆಯುವಷ್ಟು ಎತ್ತರದಲ್ಲಿ ಹುಕ್ಕಿರಬೇಕು. ಗಾಡಿಯಲ್ಲಿ ಹೇರುವ ಚೀಲಗಳನ್ನು ಹಿಂದಿನ ಬಾಗಿಲಿಗೆ ಒತ್ತದೆ ಕ್ಯಾಬಿನ್ ಕಡೆ ಒಟ್ಟಿದರೆ ಮುಂದಿನ ಆಕ್ಸಲ್ಲಿಗೆ ಕಳೆದುಹೋದ ತೂಕದಲ್ಲಿ ಸ್ವಲ್ಪ ವಾಪಸು ಸಿಗುತ್ತದೆ. ಅದಕ್ಕೂ ಖರ್ಚಿಲ್ಲ.

ಟ್ರ್ಯಾಕ್ಟರಿನವರಿಗೆ ಇದೇ ಮಾತು ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. ಟ್ರ್ಯಾಕ್ಟರಿನ ಮೂತಿ ಮೊದಲೇ ಹಗುರ. ಎರಡು ಗಾಲಿಯ ಟ್ರ್ಯಾಲಿಗೆ ಚೀಲ ಹೇರಿ, ಭಾರವೆಲ್ಲ ಹುಕ್ಕಿನ ಕಡೆ ಬಿದ್ದರೆ ಮುಂದಿನ ಗಾಲಿ ನೆಲಕ್ಕೆ ತಾಗಿಯೂ ತಾಗದಂತೆ ಓಡುತ್ತದೆ. ಮುಂದಿನ ಆಕ್ಸಲ್ಲಿನ ಸೆಂಟರ್ ಪಿನ್ ಸವೆದಿದ್ದರೆ ಇಡೀ ಆಕ್ಸಲ್ಲೇ ತೂಗಾಡುತ್ತದೆ. ಕೆಳಗಿನ ಹುಕ್ಕಿಗೇ ಕಟ್ಟಿ, ಮುಂದೆ ಕಂಪನಿ ಕೊಟ್ಟ ತೂಕದ ಬಿಲ್ಲೆಗಳನ್ನು ತೆಗೆದಿಟ್ಟಿದ್ದರೆ ವಾಪಸು ಹಾಕಿ. ಬಂಪರಿಗೆ ಕಲ್ಲು ಕಟ್ಟುವ ಉಪಾಯ ಬೇಡ, ಕಟ್ಟು ಸಡಿಲವಾದರೆ ಆ ಕಲ್ಲು ಬೀಳುವುದು ನಿಮ್ಮದೇ ಗಾಲಿಯ ಅಡಿಗೆ.

ಮರಳಿಯ ಗಾಡಿಗೆ ಕೊನೆಗೆ ಆದದ್ದಿಷ್ಟು: ಎರಡೂ ಕಡೆ ಕಿಂಗ್ ಪಿನ್ ಕಿಟ್, ಎಡಗಡೆ ಟೈರಾಡ್ ಎಂಡ್, ಹೊಸ ನಿಪ್ಪಲ್ಲು, ರಿಮ್ಮಿನೊಳಗಿನ ಮಣ್ಣಿನ ಶುದ್ಧಿ. ಒಂದು ಕಡೆ ಮಾತ್ರ ಕಿಟ್ ಹಾಕಿಸಿ ದುಡ್ಡು ಉಳಿಸುವ ಯೋಚನೆ ಮಾಲೀಕರಿಗಿತ್ತು, ಮಿಸ್ತ್ರಿ ಒಪ್ಪಲಿಲ್ಲ, ನಾನೂ ಅವರ ಪರವೇ. ಹೊಸ ಬುಷ್ ಬಡಿದು ಕೂರಿಸಿದರೆ ಸಾಲದು, ಮೇಲಿನ ಕೆಳಗಿನ ಎರಡೂ ಬುಷ್‌ಗಳು ಒಂದೇ ನೇರಕ್ಕೆ ಬರುವಂತೆ ರೀಮರ್ ಹೊಡೆಸಬೇಕು. ಪಿನ್ನು ಕೈಯಿಂದ ಒತ್ತಿದರೆ ಬಿಗಿಯಾಗಿ ಜಾರಬೇಕು, ಸುತ್ತಿಗೆಯಿಂದ ಬಡಿದು ಇಳಿಸುವಷ್ಟು ಬಿಗಿಯಿದ್ದರೆ ಸ್ಟೇರಿಂಗ್ ಕಲ್ಲಾಗುತ್ತದೆ. ಇಷ್ಟೆಲ್ಲ ಮುಗಿದ ಮೇಲೆ ಅಲೈನ್‌ಮೆಂಟ್. ಸಡಿಲ ಜಾಯಿಂಟುಗಳ ಮೇಲೆ ಅವರು ಮೊದಲು ಮಾಡಿಸಿದ್ದ ಅಲೈನ್‌ಮೆಂಟ್ ಗ್ಯಾರೇಜಿನ ಗೇಟು ದಾಟುವಷ್ಟರಲ್ಲೇ ತಪ್ಪಿರುತ್ತದೆ. ಆಮೇಲೆ ಅದೇ ಮಿಲ್ಲರ್ ಕಟ್ಟಿ, ಮಿಲ್ಲರಿಗೆ ಸಲ್ಲುವ ವೇಗದಲ್ಲೇ ಅದೇ ರಸ್ತೆಯಲ್ಲಿ ಓಡಿಸಿ ನೋಡಿದರು. ಹಂಪ್ ಇಳಿದಾಗ ಗಾಲಿ ಒಮ್ಮೆ ಅಲುಗಿ ಅಲ್ಲೇ ನಿಂತಿತು. ಕಿಟ್ ಕೆಲಸಕ್ಕೆ ಕಮಾನನ್ನೂ ಬಿಚ್ಚಿದ್ದರಿಂದ ಯು ಬೋಲ್ಟುಗಳನ್ನು ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿಸಬೇಕಿದೆ, ಹೊಸ ಕಿಂಗ್ ಪಿನ್ನಿಗೆ ಆಕ್ಸಲ್ ಎತ್ತಿಯೇ ಗ್ರೀಸ್ ಹೊಡೆಸಬೇಕಿದೆ. ಎರಡನ್ನೂ ಒಂದೇ ದಿನ ಮಾಡಿಸಿಕೊಳ್ಳಿ ಎಂದು ಅವರಿಗೆ ಬರೆದಿದ್ದೇನೆ.